ಒಳಗೆ ಹೋಗದ ಮೇಜು

ಅಮ್ಮನ ಮಂಡಿಯ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿದ ಡಾಕ್ಟರು, "ಇನ್ನು ನೆಲದ ಮೇಲೆ ಕೂರೋದು ಬೇಡ" ಎಂದಷ್ಟೇ ಹೇಳಿ ಮಾತ್ರೆ ಬರೆದುಕೊಟ್ಟರು. ಅವರಿಗೆ ಅದು ದಿನಕ್ಕೆ ಹತ್ತು ಸಲ ಹೇಳುವ ಮಾತಿರಬೇಕು. ನಮ್ಮದು ತೀರ್ಥಹಳ್ಳಿ ಸೀಮೆಯ ಹಳೆಯ ಮನೆ. ಅಲ್ಲಿ ಬದುಕೆಲ್ಲ ನಡೆಯುವುದು ನೆಲಮಟ್ಟದಲ್ಲೇ. ತರಕಾರಿ ಹೆಚ್ಚುವ ಮೆಟ್ಟುಗತ್ತಿ, ಕಾಯಿ ತುರಿಯುವ ತುರಿಮಣೆ, ಅಡಿಕೆ ಸುಲಿಯುವ ಮಣೆ, ಹಪ್ಪಳ ಒತ್ತುವ ಚಾಪೆ, ಕೊನೆಗೆ ಊಟ. ನೆಲದ ಮೇಲೆ ಕೂರಬೇಡಿ ಎಂದರೆ ಅಮ್ಮನಿಗೆ ಮನೆಯಲ್ಲೇ ಇರಬೇಡಿ ಎಂದ ಹಾಗೆ.

ಆ ವರ್ಷದ ದೀಪಾವಳಿಗೆ ನಾನು ಊರಿಗೆ ಹೋದಾಗ ಊಟದ ಮನೆಯ ಮೂಲೆಯಲ್ಲಿ ಒಂದು ಕೆಂಪು ಪ್ಲಾಸ್ಟಿಕ್ ಕುರ್ಚಿ ಬಂದಿತ್ತು. ನಾವೆಲ್ಲ ಮಣೆಯ ಮೇಲೆ ಕೂತು ಉಂಡೆವು. ಅಮ್ಮ ನಿಂತೇ ಬಡಿಸಿದಳು. ನಾವು ಎದ್ದು ಕೈತೊಳೆದ ಮೇಲೆ ಅವಳು ಕುರ್ಚಿಯ ಮೇಲೆ ಕೂತು, ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು, ಗೋಡೆಯ ಕಡೆ ಮುಖ ಮಾಡಿ ಉಂಡಳು. "ನಮ್ಮ ಜೊತೆಗೇ ಕೂತ್ಕೊಳ್ಳೋಕೆ ಏನಾಗಿತ್ತು?" ಎಂದು ಕೇಳಿದೆ. "ಅಜ್ಜಿ ಕೆಳಗೆ ಕೂತಿರೋವಾಗ ನಾನು ಮೇಲೆ ಕೂತು ಉಣ್ಣದಾ?" ಎಂದಳು. ಅಜ್ಜಿಗೆ ಎಂಬತ್ತೆಂಟು. ಅವಳ ಮಂಡಿಗೆ ಇವತ್ತಿಗೂ ಏನೂ ಆಗಿಲ್ಲ, ಅದು ಬೇರೆ ಮಾತು.

ಮನೆಗೊಂದು ಊಟದ ಮೇಜು ಬೇಕು ಎಂಬ ಯೋಚನೆ ನನಗೆ ಬಂದದ್ದು ಆ ರಾತ್ರಿ. ಮರಕ್ಕೆ ಕೊರತೆ ಇರಲಿಲ್ಲ. ಅದೇ ಆಷಾಢದ ಗಾಳಿಯಲ್ಲಿ ಕೊಟ್ಟಿಗೆಯ ಹಿಂದಿನ ಬಕ್ಕೆ ಹಲಸಿನ ಮರ ಬುಡಸಮೇತ ಮಗುಚಿಕೊಂಡಿತ್ತು. ಮುತ್ತಜ್ಜ ನೆಟ್ಟದ್ದು ಎನ್ನುತ್ತಾರೆ. ನೆಟ್ಟದ್ದಲ್ಲ, ಯಾರೋ ಉಗಿದ ಬೀಜ ಹುಟ್ಟಿದ್ದು ಎಂದು ಅಜ್ಜಿ. ಹೇಗೇ ಬರಲಿ, ನಾಲ್ಕು ತಲೆಮಾರಿಗೆ ಹಪ್ಪಳ, ಕಡುಬು, ಬೇಳೆ ಸಾರು, ಮುಳ್ಕ ಕೊಟ್ಟ ಮರ. ಬಿದ್ದ ದಿನ ಅಜ್ಜಿ ಹೊರಗೆ ಬರಲೇ ಇಲ್ಲ. ಅಣ್ಣ ಕೊಂಬೆಗಳನ್ನೆಲ್ಲ ಸೌದೆ ಮಾಡಿಸಿದ್ದ. ಇಬ್ಬರು ತಬ್ಬಿದರೂ ಕೈ ಸೇರಲು ಚೂರು ಬಾಕಿ ಉಳಿಯುವಷ್ಟು ದಪ್ಪದ ಬೊಡ್ಡೆ ಮಾತ್ರ ಮಳೆಯಲ್ಲಿ ನೆನೆಯುತ್ತ ಮಲಗಿತ್ತು.

ಆ ದಿನಗಳಲ್ಲಿ ನಾನು ಸಂಶೋಧನೆಗೆ ಸಂಬಂಧವೇ ಇಲ್ಲದ ಒಂದು ಪುಸ್ತಕ ಓದುತ್ತಿದ್ದೆ. (ಪಿಎಚ್.ಡಿ. ಮಾಡುವವರಿಗೆಲ್ಲ ಈ ರೋಗ ಇರುತ್ತದೆ. ಓದಬೇಕಾದ್ದನ್ನು ಬಿಟ್ಟು ಉಳಿದದ್ದೆಲ್ಲ ಭಾರೀ ರುಚಿ.) ಜಾರ್ಜ್ ನಕಾಶಿಮಾ ಎಂಬ ಬಡಗಿ 1981ರಲ್ಲಿ ಪ್ರಕಟಿಸಿದ 'ದಿ ಸೋಲ್ ಆಫ್ ಎ ಟ್ರೀ'. ಮರವನ್ನು ಸೀಳಿ ಬಂದ ಹಲಗೆಯ ಅಂಚನ್ನು ನೇರ ಮಾಡದೆ, ಮರ ಬೆಳೆದ ಓರೆಕೋರೆಯಲ್ಲೇ ಬಿಟ್ಟು ಮಾಡುವ ಮೇಜುಗಳಿಗೆ ಈಗ ಬೆಂಗಳೂರಿನ ಪೀಠೋಪಕರಣದ ಅಂಗಡಿಗಳಲ್ಲೂ 'ಲೈವ್ ಎಡ್ಜ್' ಎಂಬ ಹೆಸರಿದೆ. ಆ ಬಗೆಯ ಕೆಲಸಕ್ಕೆ ದೊಡ್ಡ ಹೆಸರು ತಂದವರು ಈತ. 1905ರಲ್ಲಿ ಅಮೆರಿಕದ ಸ್ಪೊಕೇನ್ ಊರಿನಲ್ಲಿ ಜಪಾನಿ ತಂದೆತಾಯಿಗಳಿಗೆ ಹುಟ್ಟಿ, ಎಂಐಟಿಯಲ್ಲಿ ವಾಸ್ತುಶಿಲ್ಪ ಓದಿ, ಟೋಕಿಯೋದಲ್ಲಿ ಆಂಟೊನಿನ್ ರೇಮಂಡ್ ಅವರ ಕಚೇರಿಯಲ್ಲಿ ಕೆಲಸ ಮಾಡಿದವರು. 1930ರ ದಶಕದ ಕೊನೆಯಲ್ಲಿ ಪುದುಚೇರಿಗೆ ಬಂದು ಅರವಿಂದಾಶ್ರಮದ 'ಗೋಲ್ಕೊಂಡ' ವಸತಿಗೃಹ ಕಟ್ಟಿಸಲು ನಿಂತರು. ಆಶ್ರಮದಲ್ಲಿ ಅವರಿಗೆ 'ಸುಂದರಾನಂದ' ಎಂದು ಹೆಸರಾಯಿತು. ಮತ್ತೆ ಅಮೆರಿಕಕ್ಕೆ ಹೋದರೆ ಯುದ್ಧ. ಜಪಾನಿ ಮೂಲದವರು ಎಂಬ ಒಂದೇ ಕಾರಣಕ್ಕೆ 1942ರಲ್ಲಿ ಹೆಂಡತಿ, ಹಸುಗೂಸಿನ ಸಮೇತ ಐಡಹೋದ ಮಿನಿಡೋಕಾ ಶಿಬಿರಕ್ಕೆ ದೂಡಿದರು. ಅಲ್ಲಿ ಅವರಂತೆಯೇ ಬಂದಿಯಾಗಿದ್ದ ಗೆಂಟಾರೊ ಹಿಕೊಗಾವ ಎಂಬ ಹಳೆಯ ಬಡಗಿಯ ಕೈಯಲ್ಲಿ, ಸಿಕ್ಕ ಚೂರುಪಾರು ಮರದಲ್ಲಿ, ನಿಜವಾದ ಮರಗೆಲಸ ಕಲಿತರು. ಬಿರುಕು ಬಿಟ್ಟ ಹಲಗೆಯನ್ನು ಬಿಸಾಡದೆ ಬಿರುಕಿಗೆ ಅಡ್ಡಲಾಗಿ ಚಿಟ್ಟೆಯಾಕಾರದ ಬೆಣೆ ಕೂರಿಸುವುದು ಅವರ ಕೆಲಸದ ಗುರುತಾಯಿತು. 1964ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೂ ಬಂದು ಪೀಠೋಪಕರಣಗಳ ವಿನ್ಯಾಸ ಮಾಡಿಕೊಟ್ಟಿದ್ದರು.

ಇದನ್ನೆಲ್ಲ ಓದಿ ತಲೆ ತುಂಬಿಕೊಂಡು ನಾನು ಆಚಾರ್ರ ಮನೆಗೆ ಹೋದೆ. ಅರವತ್ತೈದು ದಾಟಿದ ಅವರು ನಲವತ್ತು ವರ್ಷದಿಂದ ನಮ್ಮನೆಯ ಬಾಗಿಲು, ತೊಟ್ಟಿಲು, ನೇಗಿಲು ಎಲ್ಲ ಮಾಡಿಕೊಟ್ಟವರು. ಅವರ ಅಪ್ಪ ನಮ್ಮಜ್ಜನ ಕಾಲಕ್ಕೆ. ಫೋನಿನಲ್ಲಿದ್ದ ಮೇಜಿನ ಚಿತ್ರ ತೋರಿಸಿದೆ. ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿದರು.

"ಅಂಚು ಕೊಯ್ದೇ ಇಲ್ಲವಲ್ಲ ತಂಗಿ ಇದು?"

"ಹಾಗೇ ಬಿಡೋದು ಆಚಾರ್ರೇ. ಅದೇ ಚಂದ ಅದರದ್ದು."

"ಅಂದ್ರೆ ಕೆಲಸ ಪೂರ್ತಿ ಮಾಡ್ದೇ ಬಿಡೋದಾ?"

ಅವರ ಪ್ರಶ್ನೆ ನ್ಯಾಯವಾಗಿಯೇ ಇತ್ತು. ಸೊಟ್ಟಗಿರುವ ಮರದಿಂದ ಸೆಟೆದು ನಿಲ್ಲುವ ನೇರ ಹಲಗೆ ತೆಗೆಯುವುದಕ್ಕೇ ಅವರ ವಿದ್ಯೆಯೆಲ್ಲ ಖರ್ಚಾಗಿತ್ತು. ತೊಗಟೆಯ ಕಡೆಯ ಹಲಗೆಯನ್ನು ಮಿಲ್ಲಿನವರು ಸೌದೆ ರೇಟಿಗೆ ಕೊಡುತ್ತಾರೆ. ಅದು ಬಚ್ಚಲೊಲೆಗೆ ಇಲ್ಲವೆ ಕೊಟ್ಟಿಗೆಯ ಗೋಡೆಗೆ. ಅದನ್ನು ಊಟದ ಮೇಜಿಗೆ ಹಾಕಿ ಎಂದರೆ? ನಡುವೆ ನೀಲಿ ಎಪಾಕ್ಸಿ ಸುರಿದು ಹೊಳೆಯ ಹಾಗೆ ಮಾಡಿದ ಇನ್ನೊಂದು ಮೇಜನ್ನೂ ತೋರಿಸಿದೆ. "ಇದೆಂತಕ್ಕೆ, ತುಂಗೆಯೇ ಇಲ್ಲ್ವಾ ಅಲ್ಲಿ?" ಎಂದರು. ಆ ಬಗೆಯ ಮೇಜಿನ ಬಗ್ಗೆ ನನಗೂ ಅದಕ್ಕಿಂತ ಹೆಚ್ಚು ಹೇಳುವುದಿಲ್ಲ.

ಕೊನೆಗೆ ಅವರು ಒಪ್ಪಿದ್ದು ಅಂಚಿನ ಚಂದಕ್ಕಲ್ಲ, ಬೊಡ್ಡೆ ನೋಡಿ. ಮನೆಗೆ ಬಂದವರು ಮಚ್ಚಿನಲ್ಲಿ ಒಂದು ಚಕ್ಕೆ ಎಬ್ಬಿಸಿದರು. ಒಳಗೆ ಅರಿಸಿನದ ಕೊಂಬು ಮುರಿದ ಹಾಗೆ ಹಳದಿ. "ಒಳ್ಳೇ ಕೆಚ್ಚು. ಇದನ್ನ ಚೂರು ಮಾಡಿದ್ರೆ ಪಾಪ" ಎಂದರು. ಹಲಸಿನ ಕೆಚ್ಚಿಗೆ ಗೆದ್ದಲು ಸುಲಭಕ್ಕೆ ಬಾಯಿ ಹಾಕುವುದಿಲ್ಲ. ತಂಜಾವೂರಿನ ವೀಣೆಯ ಕೊಡ, ಮೃದಂಗದ ಹೊಳವು ಆಗುವುದು ಇದೇ ಮರದಿಂದ. ಬರ್ಮಾ, ಥಾಯ್ಲೆಂಡಿನ ಕಡೆಯ ಭಿಕ್ಕುಗಳು ಚೀವರಕ್ಕೆ ಬಣ್ಣ ಹಾಕುತ್ತಿದ್ದದ್ದೂ ಇದರ ಚಕ್ಕೆ ಕುದಿಸಿದ ನೀರಿನಲ್ಲಿ. ನಮ್ಮ ಮನೆಯ ಉಪ್ಪಿನ ಮರಿಗೆ, ಊಟದ ಮಣೆಗಳೂ ಹಲಸೇ. ಮಣೆಗಳನ್ನು ಮಾಡಿದ್ದು ಆಚಾರ್ರ ಅಪ್ಪ.

ಬೇಕಾದ ಕಾಗದಪತ್ರವನ್ನೆಲ್ಲ ಅಣ್ಣ ಮಾಡಿಸಿದ. ಮಳೆ ಬಿಟ್ಟ ಮೇಲೆ ಬೊಡ್ಡೆ ಟ್ರ್ಯಾಕ್ಟರ್ ಏರಿ ಮಿಲ್ಲಿಗೆ ಹೋಯಿತು. ಎರಡೂವರೆ ಇಂಚು ದಪ್ಪಕ್ಕೆ ಸೀಳಿಸಿದೆವು. ಗರಗಸ ಹಾದುಹೋಗಿ ಒಂದರ ಮೇಲೊಂದು ಮಲಗಿದ್ದ ಎರಡು ಹಲಗೆಗಳನ್ನು ಪುಸ್ತಕ ಬಿಚ್ಚಿದ ಹಾಗೆ ಅಕ್ಕಪಕ್ಕ ತೆರೆದರೆ ಒಂದರ ಗಂಟು, ಸುಳಿಗಳೇ ಇನ್ನೊಂದರಲ್ಲೂ ಕನ್ನಡಿಯಂತೆ. ಆ ಜೋಡಿಯನ್ನೇ ಮೇಜಿಗೆಂದು ತೆಗೆದಿಟ್ಟೆವು. ಒಳಗಿನ ಅಂಚುಗಳನ್ನು ನೇರ ಮಾಡಿ ಕೂಡಿಸುವುದು, ಹೊರಗಿನವನ್ನು ಮರ ಇದ್ದಂತೆ ಬಿಡುವುದು. ಇದು ನನ್ನ ಹಟಕ್ಕೂ ಆಚಾರ್ರ ವಿದ್ಯೆಗೂ ಆದ ರಾಜಿ.

ಆಮೇಲೆ ಕಾಯುವ ಕೆಲಸ. ಹಸಿ ಹಲಗೆ ಒಣಗುವಾಗ ಕುಗ್ಗುತ್ತದೆ, ಎಲ್ಲ ದಿಕ್ಕಿಗೂ ಒಂದೇ ಸಮ ಕುಗ್ಗುವುದಿಲ್ಲ. ವರ್ಷದ ಉಂಗುರಗಳ ಗುಂಟ ಕುಗ್ಗುವಷ್ಟರಲ್ಲಿ ಸುಮಾರು ಅರ್ಧ ಮಾತ್ರ ತಿರುಳಿನಿಂದ ತೊಗಟೆಯ ಕಡೆಗೆ ಕುಗ್ಗುತ್ತದೆ. ಹಲಗೆ ದೋಣಿಯಾಗುವುದು, ತಿರುಚುವುದು ಈ ಜಗಳದಿಂದ. ತುದಿಗಳಿಂದ ನೀರು ಬೇಗ ಆರಿಹೋಗುವುದರಿಂದ ಬಿರುಕು ಶುರುವಾಗುವುದು ಅಲ್ಲಿಂದಲೇ. ತುದಿಗೆ ಬಳಿಯಲೆಂದು ನಾನು ಮೇಣ ಹುಡುಕಿಕೊಂಡು ಬರುವಷ್ಟರಲ್ಲಿ ಆಚಾರ್ರು ಗಟ್ಟಿ ಸಗಣಿ ಮೆತ್ತಿ ಮುಗಿಸಿದ್ದರು. ತೊಗಟೆಯನ್ನು ಆಗಲೇ ಕೆತ್ತಿ ತೆಗೆದರು. ಬಿಟ್ಟರೆ ಅದರಡಿ ಹುಳ ಸೇರುತ್ತದೆ, ಮೇಲಾಗಿ ಒಂದಲ್ಲ ಒಂದು ದಿನ ಅದು ತಾನಾಗಿ ಕಳಚಿ ಬೀಳುತ್ತದೆ. ಹಲಗೆಗಳ ನಡುವೆ ಅಡಿಗೊಂದರಂತೆ ರೀಪಿನ ತುಂಡುಗಳನ್ನು ಒಂದರ ನೇರಕ್ಕೊಂದು ಇಟ್ಟು, ಗಾಳಿ ಆಡುವ ಹಾಗೆ ಕೊಟ್ಟಿಗೆಯ ಅಟ್ಟದಲ್ಲಿ ಪೇರಿಸಿ, ಮೇಲೆ ಜಂಬಿಟ್ಟಿಗೆ ಕಲ್ಲು ಹೇರಿದೆವು.

ಇಂಚಿಗೆ ಒಂದು ವರ್ಷ ಎಂಬುದು ಎಲ್ಲ ದೇಶದ ಬಡಗಿಗಳೂ ಹೇಳುವ ಲೆಕ್ಕ. ನಮ್ಮ ಮಲೆನಾಡಿನ ಮಳೆಗೆ ಆ ಲೆಕ್ಕ ಚೂರು ಜಾಸ್ತಿಯೇ ಹಿಡಿಯುತ್ತದೆ. ಅದೇ ಹಲಗೆಯಿಂದ ಕೊಯ್ದ ಒಂದು ತುಂಡನ್ನು ಅಣ್ಣ ತಿಂಗಳಿಗೊಮ್ಮೆ ಅಡಿಕೆ ತೂಗುವ ತಕ್ಕಡಿಯಲ್ಲಿಟ್ಟು ವಾಟ್ಸಾಪಿನಲ್ಲಿ ತೂಕ ಕಳಿಸುತ್ತಿದ್ದ. ಮೊದಮೊದಲು ದಡದಡ ಇಳಿಯಿತು, ಜೂನ್ ಬಂದೊಡನೆ ನಿಂತಿತು, ಆಗಸ್ಟಿನಲ್ಲಿ ಏರಿತು ಕೂಡ! ತೂಕ ಬದಲಾಗದೆ ನಿಂತರೆ ಒಣಗಿತು ಎಂದು ಅರ್ಥ. ನನ್ನ ಪ್ರಬಂಧದ ಮೊದಲ ಅಧ್ಯಾಯವೂ ಹಲಗೆಯೂ ಒಂದೇ ವರ್ಷ ಶುರುವಾದವು. ಹಲಗೆ ಮೊದಲು ಸಿದ್ಧವಾಯಿತು.

ಹೀಗೆ ಹೇಳುವಾಗ ಇದೊಂದು ತಪಸ್ಸಿನ ಹಾಗೆ ಕೇಳಿಸುತ್ತದೆ. ನಿಜ ಸಂಗತಿ ಏನೆಂದರೆ, ಅಮ್ಮನ ಮಂಡಿಗೆ ನಾಳೆಯೇ ಬೇಕಿದ್ದ ಮೇಜನ್ನು ನಾನು ಮರದ ಅನುಕೂಲ ನೋಡಿಕೊಂಡು ಎರಡೂವರೆ ವರ್ಷ ಕಾಯಿಸಿದೆ. ಅಣ್ಣ ಸುಮ್ಮನಿರಲಾರದೆ ಪೇಟೆಯಿಂದ ಮಡಚುವ ಕಬ್ಬಿಣದ ಮೇಜು ತಂದ. ಒಂದು ವಾರ ಅಮ್ಮ ಅದರ ಮುಂದೆ ಕೂತಳು. ಎರಡನೇ ವಾರ ಅದರ ಮೇಲೆ ಮಿಕ್ಸಿ ಬಂತು, ಆಮೇಲೆ ಉಪ್ಪಿನಕಾಯಿ ಭರಣಿ, ಮಾತ್ರೆ ಡಬ್ಬಿ, ಕರೆಂಟು ಬಿಲ್ಲು. ಅಮ್ಮ ಮತ್ತೆ ಕೆಂಪು ಕುರ್ಚಿಗೆ, ತೊಡೆಯ ಮೇಲಿನ ತಟ್ಟೆಗೆ. ಒಬ್ಬಳೇ ಕೂತು ಉಣ್ಣುವುದಾದರೆ ಮೇಜು ಇದ್ದರೆಷ್ಟು ಬಿಟ್ಟರೆಷ್ಟು ಎಂದು ಅವಳಿಗೆ ಅನ್ನಿಸಿರಬೇಕು. ಅದು ನನಗೆ ಹೊಳೆದದ್ದು ತಡವಾಗಿ.

ಮೂರನೇ ವರ್ಷದ ಮಾರ್ಚಿನಲ್ಲಿ, ಅಡಿಕೆ ಕೆಲಸ ಮುಗಿದು ಅಂಗಳದ ಚಪ್ಪರ ಖಾಲಿಯಾದ ಮೇಲೆ, ನಾನು ಇಪ್ಪತ್ತು ದಿನ ರಜೆ ಹಾಕಿ ಆಚಾರ್ರ ಕೈಯಾಳಾದೆ.

ಹಲಗೆಗಳು ಕಣ್ಣಿಗೆ ಚಪ್ಪಟೆಯಾಗಿಯೇ ಕಾಣುತ್ತಿದ್ದವು. ಆಚಾರ್ರು ಎರಡು ನೇರ ರೀಪನ್ನು ಹಲಗೆಯ ಆ ತುದಿಗೊಂದು ಈ ತುದಿಗೊಂದು ಅಡ್ಡ ಇಟ್ಟು, ಕುಕ್ಕರುಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ ನೋಡಿ, ನನ್ನನ್ನೂ ನೋಡಲು ಹೇಳಿದರು. ಒಂದು ರೀಪಿನ ಹಿಂದೆ ಇನ್ನೊಂದು ಎಡಗಡೆ ತಲೆಯೆತ್ತಿತ್ತು. ಅರ್ಧ ಇಂಚು ತಿರುಚು! ಎತ್ತರದ ಮೂಲೆಗಳಿಗೆ ಸುಣ್ಣದ ಗುರುತು ಹಾಕಿ ಕರೆಂಟಿನ ಪ್ಲೇನರ್‌ನಲ್ಲಿ ಒರಟು ತೆಗೆದು, ಕೊನೆಯ ಕೈಯನ್ನು ಕೀಸುಳಿಯಲ್ಲೇ ಹೊಡೆದರು. ಸುರುಳಿ ಸುರುಳಿ ಹಳದಿ ಹೊಟ್ಟು ಚಪ್ಪರದ ತುಂಬ. ನಾನು ಕೀಸುಳಿ ಹಿಡಿದರೆ ಸುರುಳಿ ಬರುತ್ತಿರಲಿಲ್ಲ, ಚೂರು ಬರುತ್ತಿತ್ತು. "ಮರದ ಎಳೆ ಯಾವ ಕಡೆ ಮಲಗಿದೆ ನೋಡಿ. ಬೆಕ್ಕಿನ ಬೆನ್ನು ಸವರೋ ಹಾಗೆ ಹೋಗ್ಬೇಕು, ಎದುರು ಹೋದ್ರೆ ಪರಚ್ತದೆ" ಎಂದರು. ಮೂರನೇ ದಿನ ನನ್ನ ಕೈಯಿಂದಲೂ ಒಂದು ಗೇಣುದ್ದದ ಸುರುಳಿ ಬಂತು. ಅದನ್ನು ಡೈರಿಯಲ್ಲಿ ಇಟ್ಟುಕೊಂಡಿದ್ದೇನೆ.

ಒಂದು ಹಲಗೆಗೆ, ಕೊಂಬೆ ಒಡೆದ ಜಾಗದಿಂದ, ಒಂದೂವರೆ ಅಡಿ ಉದ್ದದ ಬಿರುಕಿತ್ತು. ನಾನು ನಕಾಶಿಮಾ ಚಿಟ್ಟೆಯ ಚಿತ್ರ ತೋರಿಸಿದೆ. "ಓ, ಡಮರು" ಎಂದರು ಆಚಾರ್ರು, ಹಳೆಯ ಪರಿಚಯದವರನ್ನು ಕಂಡ ಹಾಗೆ. ನೋಡಿದರೆ ಹೌದಲ್ಲ, ಶಿವನ ಕೈಯ ಡಮರುಗವೇ. ಮುರಿದುಬಿದ್ದಿದ್ದ ನಮ್ಮ ತೊಟ್ಟಿಲಿನ ಬೀಟೆಯ ಕಾಲನ್ನು ಅಟ್ಟದಿಂದ ತೆಗೆಸಿ ಮೂರು ಡಮರು ಕೊಯ್ದರು. ಬೆಣೆಯ ಎಳೆ ಬಿರುಕಿಗೆ ಅಡ್ಡ ಇರಬೇಕು. ಉದ್ದಕ್ಕಿದ್ದರೆ ಅದರ ಸಣ್ಣ ಸೊಂಟ ಫಕ್ಕನೆ ಮುರಿಯುತ್ತದೆ. ಮೊದಲು ಬೆಣೆ ಮಾಡಿ, ಅದನ್ನು ಹಲಗೆಯ ಮೇಲಿಟ್ಟು ಸೂಜಿಮೊನೆಯಲ್ಲಿ ಗೀರು ಎಳೆದು, ಗೀರಿನ ಒಳಗೇ ಉಳಿ ಹಾಕಿ ಗುಂಡಿ ತೆಗೆದರು. ಕೊಡತಿಯ ನಾಲ್ಕೇ ಪೆಟ್ಟಿಗೆ ಬೀಟೆ ಹಲಸಿನೊಳಗೆ ಇಳಿದು ಕೂತಿತು.

ಕಾಲುಗಳನ್ನು ಬೋಲ್ಟ್ ಹಾಕಿ ಬಿಚ್ಚುವಂತೆ ಮಾಡಿದೆವು. ಬೋಲ್ಟಿನ ತೂತು ಮಾತ್ರ ದುಂಡಗಲ್ಲ, ಅಗಲಕ್ಕೆ ಉದ್ದ. ಎಷ್ಟೇ ಒಣಗಿದ್ದರೂ ಮೂರಡಿ ಅಗಲದ ಹಲಗೆ ಮಳೆಗಾಲಕ್ಕೆ ಕಾಲಿಂಚು ಹಿಗ್ಗಿ ಬೇಸಿಗೆಗೆ ಕುಗ್ಗುತ್ತದೆ. ಅಲುಗಾಡಲು ಜಾಗ ಕೊಡದೆ ಬಿಗಿದರೆ ಸೀಳುತ್ತದೆ. ಕೊನೆಗೆ ಅಗಸೆ ಎಣ್ಣೆ, ಜೇನುಮೇಣ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದುರಿ ಎಸೆದರೆ ತಾನಾಗಿ ಬೆಂಕಿ ಹತ್ತಬಹುದು ಎಂದು ಓದಿದ್ದರಿಂದ ಅವನ್ನೆಲ್ಲ ತಂತಿಯ ಮೇಲೆ ಹರವಿದೆ. ದಾರಿಯಲ್ಲಿ ಹೋಗುವವರಿಗೆಲ್ಲ ಅದೇನು ಎಂದು ವಿವರಿಸುವ ಕೆಲಸವೂ ಸೇರಿಕೊಂಡಿತು.

ಊಟದ ವಿಷಯ ಬಂದದ್ದು ಈ ಇಪ್ಪತ್ತು ದಿನಗಳಲ್ಲಿ. ಮಧ್ಯಾಹ್ನ ಒಂದು ಗಂಟೆಗೆ ಅಮ್ಮ ಕರೆಯುತ್ತಿದ್ದಳು. ನಾನು ಕೈತೊಳೆದು ಒಳಗೆ ಹೋಗುತ್ತಿದ್ದೆ. ಆಚಾರ್ರು ಜಗುಲಿಯ ಮೆಟ್ಟಿಲ ಬದಿಗೆ, ಕಂಬಕ್ಕೆ ಒರಗಿ ಕೂರುತ್ತಿದ್ದರು. ಅವರಿಗೆ ಬಾಳೆಲೆ. ಇದನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ. ಹೊಟ್ಟಿನಲ್ಲಿ ಅವರ ಜೊತೆ ಬೆಳಗ್ಗಿನಿಂದ ಮುಳುಗೆದ್ದು, ಒಂದು ಗಂಟೆಗೆ ಇಬ್ಬರೂ ಎರಡು ದಿಕ್ಕಿಗೆ ಹೋಗುವುದು ಮೊದಲ ಸಲ ಕಣ್ಣಿಗೆ ಚುಚ್ಚಿತು. ಸಮಾನತೆಯ ಬಗ್ಗೆ ವಿಚಾರಸಂಕಿರಣಗಳಲ್ಲಿ ಪೇಪರ್ ಓದುವವಳು ನಾನು! ನಾಲ್ಕನೇ ದಿನ ನನ್ನ ತಟ್ಟೆಯನ್ನು ಜಗುಲಿಗೇ ತಂದು ಅವರ ಪಕ್ಕ ಕೂತೆ. ಅವರು ಏನೂ ಅನ್ನಲಿಲ್ಲ. ಸಂಜೆ ಉಳಿ ಮಸೆಯುತ್ತ ನಾನೇ ಮಾತು ತೆಗೆದೆ. "ಇಷ್ಟು ವರ್ಷ ನಿಮ್ಮನ್ನ, ನಿಮ್ಮಪ್ಪನ್ನ ಹೊರಗೇ ಕೂರಿಸಿದ್ವಲ್ಲ ಆಚಾರ್ರೇ. ಬೇಜಾರಾಗ್ತಿರ್ಲಿಲ್ವಾ?"

ಅವರು ನಕ್ಕರು. "ನಮ್ಮಪ್ಪ ನಿಮ್ಮನೇಲಿ ನೀರೂ ಕುಡೀತಿರ್ಲಿಲ್ಲ, ಗೊತ್ತುಂಟಾ? ಜನಿವಾರದವರು ನಾವು, ಕಂಡವರ ಮನೇಲಿ ಬೇಯಿಸಿದ್ದು ಉಣ್ಣೋ ಹಾಗಿಲ್ಲ ಅಂತ. ಅಕ್ಕಿ, ಪಾತ್ರೆ ಮನೆಯಿಂದ್ಲೇ ತಂದು ಆ ಮಾವಿನ ಬುಡದಲ್ಲಿ ಮೂರು ಕಲ್ಲು ಹೂಡಿ ಬೇಯಿಸ್ಕೊಳ್ತಿದ್ರು. ನಿಮ್ಮಜ್ಜ ಅವ್ರನ್ನ ಹೊರಗೆ ಕೂರಿಸಿದ್ರು ಅಂತ ನೀವು ತಿಳ್ಕೊಂಡೀರಿ. ನಮ್ಮಪ್ಪ ನಿಮ್ಮಜ್ಜನ್ನ ಒಳಗೇ ಇಟ್ಟಿದ್ರು."

ನನಗೆ ನಗು ಬಂತು. ಏನು ಹೇಳಬೇಕೆಂದು ತೋಚಲೂ ಇಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವರೇ, ಉಳಿಯ ಬಾಯನ್ನು ಹೆಬ್ಬೆರಳ ಉಗುರಿನ ಮೇಲೆ ಪರೀಕ್ಷಿಸುತ್ತ, ಸಣ್ಣ ದನಿಯಲ್ಲಿ ಹೇಳಿದರು: "ನನ್ನ ಕಾಲಕ್ಕೆ ಅದೆಲ್ಲ ಬಿಟ್ಟು ಊಟ ಮಾಡೋಕೆ ಶುರು ಮಾಡ್ದೆ. ಆಗ ಯಾರೂ ಒಳಗೆ ಬನ್ನಿ ಅಂತ ಕರೀಲಿಲ್ಲ."

ಮೇಜು ಮುಗಿದ ದಿನ ಏಪ್ರಿಲ್ ಮೊದಲ ವಾರದ ಒಂದು ಭಾನುವಾರ. ಅಣ್ಣ, ಪಕ್ಕದ ಮನೆಯ ಇಬ್ಬರು ಹುಡುಗರು, ತೋಟದ ಕೆಲಸದವರೊಬ್ಬರು ಸೇರಿ ಕಾಲು ಬಿಚ್ಚಿದ ಹಲಗೆಯನ್ನು ಎತ್ತಿ ಜಗುಲಿಗೆ ಏರಿಸಿದರು. ಏಳೂವರೆ ಅಡಿ ಉದ್ದ, ಮೂರಡಿ ಅಗಲ. ಊಟದ ಮನೆಯನ್ನು ನಾನು ಮೂರು ಸಲ ಅಳತೆ ಮಾಡಿ ಬರೆದಿಟ್ಟಿದ್ದೆ. ಸೀಮೆಸುಣ್ಣದಲ್ಲಿ ನೆಲದ ಮೇಲೆ ಮೇಜಿನ ಆಕಾರವನ್ನೂ ಬರೆದಾಗಿತ್ತು. ಅಲ್ಲಿಗೆ ಹೋಗುವ ದಾರಿಯನ್ನು ಅಳೆದಿರಲಿಲ್ಲ.

ಹೆಬ್ಬಾಗಿಲನ್ನು ಹಲಗೆ ಅಡ್ಡ ನಿಂತು ದಾಟಿತು. ಎದುರಿಗೇ ಪಣತ. ಮನೆ ಕಟ್ಟುವಾಗಲೇ ಕಟ್ಟಿದ ಭತ್ತದ ಕಣಜ ಅದು, ಅಲುಗಿಸುವಂಥದ್ದಲ್ಲ. ಪಣತಕ್ಕೂ ಗೋಡೆಗೂ ನಡುವೆ ಮೂರಡಿಯ ಓಣಿ. ಅಲ್ಲಿ ಎಡಕ್ಕೆ ತಿರುಗಬೇಕು. ಏಳೂವರೆ ಅಡಿಯ ಹಲಗೆ ಆ ತಿರುವಿನಲ್ಲಿ ತಿರುಗುವುದಿಲ್ಲ ಎಂಬುದಕ್ಕೆ ಪ್ರೌಢಶಾಲೆಯ ಗಣಿತ ಸಾಕು. ನೆಟ್ಟಗೆ ನಿಲ್ಲಿಸಿಕೊಂಡು ಹೋಗೋಣವೆಂದರೆ ಒಳಬಾಗಿಲ ಎತ್ತರ ಐದೂವರೆ ಅಡಿ. ಹಿತ್ತಿಲ ಕಡೆಯಿಂದ ನೋಡಿದೆವು. ಬಚ್ಚಲ ಸಂದಿಯಲ್ಲಿ ಇನ್ನೂ ಇಕ್ಕಟ್ಟು. ಒಂದು ಗಂಟೆ ಒಳಗೆ ಹೊರಗೆ ಆಡಿಸಿ ಬಾಗಿಲ ತೋಳಿಗೆ ಒಂದು ಗೀರು ಬಿದ್ದ ಮೇಲೆ ಹಲಗೆಯನ್ನು ಜಗುಲಿಯಲ್ಲಿ ಕೆಳಗಿಟ್ಟೆವು. ಹುಡುಗರು ನಗು ತಡೆದುಕೊಳ್ಳಲು ನೋಡುತ್ತಿದ್ದರು. ನಾನು ಅತ್ತೇಬಿಡುತ್ತಿದ್ದೆ.

ಆಚಾರ್ರು ಮಾತ್ರ ಗಾಬರಿಯಾಗಲಿಲ್ಲ. "ನಡು ಕೂಡಿಕೆಯಲ್ಲಿ ಸೀಳ್ತೀನಿ. ಎರಡು ಹಲಗೆ ಬೇರೆ ಬೇರೆ ಒಳಗೆ ಹೋಗ್ತವೆ, ಅಲ್ಲೇ ಅಂಟಿಸಿ ಕೂಡಿಸ್ತೀನಿ. ಎರಡು ದಿನದ ಕೆಲಸ" ಎಂದರು. ಎರಡು ಹಲಗೆಯನ್ನೂ ಒಳಗೆ ಒಯ್ದು ಅಲ್ಲೇ ಕೂಡಿಸಬೇಕಿತ್ತು, ಮೊದಲೇ. ಆ ಬುದ್ಧಿ ನನಗೂ ಬರಲಿಲ್ಲ, ನಲವತ್ತು ವರ್ಷದ ಅನುಭವದ ಅವರಿಗೂ ಬರಲಿಲ್ಲ. ಅವರು ನಮ್ಮ ಒಳಮನೆಯ ತಿರುವನ್ನು ಎಷ್ಟು ಸಲ ತಾನೇ ನೋಡಿದ್ದರು?

ಅಮ್ಮ ಹೊಸ್ತಿಲ ಒಳಗೆ ನಿಂತು ಇದನ್ನೆಲ್ಲ ನೋಡುತ್ತಿದ್ದಳು. "ಈಗ ತಾನೇ ಕೂಡಿಸಿದ್ದನ್ನ ಮತ್ತೆ ಸೀಳೋದೆಂತಕ್ಕೆ. ಇರ್ಲಿ, ನೋಡುವ" ಎಂದಳು. ಕಾಲು ಬಿಗಿದು ಮೇಜನ್ನು ಜಗುಲಿಯಲ್ಲೇ ನಿಲ್ಲಿಸಿದೆವು. ಆಚಾರ್ರು ರಸಮಟ್ಟ ಇಟ್ಟು ನೋಡಿ ಒಂದು ಕಾಲಿಗೆ ತೆಳು ಚಕ್ಕೆ ಕೊಟ್ಟರು.

ಮೊದಲ ದಿನ ಅಜ್ಜಿ, ಅಣ್ಣ, ಅತ್ತಿಗೆ, ನಾನು ಮೇಜಿಗೆ ಕೂತೆವು. ಆಚಾರ್ರಿಗೆ ಊಟಕ್ಕೆ ನಿಲ್ಲಿ ಎಂದರೆ ನಿಲ್ಲಲಿಲ್ಲ, ಇನ್ನೊಂದು ಮನೆಯ ಕೆಲಸ ಇದೆ ಎಂದು ಹೊರಟರು. ಅಮ್ಮ ಬಡಿಸಿ ಒಳಗೆ ಹೋದಳು. ತಿರುಗಿ ನೋಡಿದರೆ ಕೆಂಪು ಕುರ್ಚಿ ಹೊಸ್ತಿಲ ಆಚೆ ಬಂದಿತ್ತು. ತೊಡೆಯ ಮೇಲೆ ತಟ್ಟೆ. ಗೋಡೆಯ ಬದಲು ಈಗ ನಮ್ಮ ಕಡೆ ಮುಖ. "ದಾರೀಲಿ ಹೋಗೋರಿಗೆಲ್ಲ ಕಾಣೋ ಹಾಗೆ ಕೂತು ಉಣ್ಣೋಕೆ ನಂಗಾಗದಿಲ್ಲ ಮಾರಾಯ್ತಿ." ಜಗುಲಿ ಎಂದರೆ ಗಂಡಸರು ಎಲೆಯಡಿಕೆ ಹಾಕುವ ಜಾಗ, ಕೆಲಸದವರಿಗೆ ಇಕ್ಕುವ ಜಾಗ. ಅಲ್ಲಿ ಕೂತು ಅವಳು ಕಾಫಿ ಕುಡಿದದ್ದನ್ನೂ ನಾನು ನೋಡಿರಲಿಲ್ಲ. ಎರಡೂವರೆ ವರ್ಷ ಕಾದು ನಾನು ಅವಳಿಗೆ ಮಾಡಿಸಿದ ಮೇಜು ಅವಳು ಕೂರಲಾಗದ ಜಾಗದಲ್ಲೇ ಹೋಗಿ ನಿಂತಿತ್ತು.

ನಾನು ಹಾಸ್ಟೆಲಿಗೆ ವಾಪಸಾದೆ. ಮುಂದಿನದು ಅತ್ತಿಗೆ ಹೇಳಿದ್ದು. ಮೇ ತಿಂಗಳ ಗುಡುಗು ಮಳೆಗೆ ಮೂರು ದಿನ ಕರೆಂಟು ಹೋಯಿತಂತೆ. ಒಳಗೆ ಗವ್ವೆನ್ನುವ ಕತ್ತಲೆ, ಸೆಕೆ. ಜಗುಲಿಯಲ್ಲಿ ಬೆಳಕು, ಗಾಳಿ. ಮೊದಲು ಹಲಸಿನ ಹಣ್ಣು ಬಿಡಿಸಲು ಅಮ್ಮ ಹೊರಗೆ ಬಂದಳಂತೆ, ಪಕ್ಕದ ಮನೆಯವರು ಕೊಟ್ಟ ಹಣ್ಣು. ಕೈಗೆ ಎಣ್ಣೆ ಹಚ್ಚಿಕೊಂಡು ಮೇಜಿನ ಮೇಲೇ ಕೊಯ್ದು, ಮೇಣ ಮೇಜಿಗೆ ಅಂಟಿ, ಅದನ್ನು ಕೊಬ್ಬರಿ ಎಣ್ಣೆಯಲ್ಲಿ ತಿಕ್ಕಿ ತಿಕ್ಕಿ ತೆಗೆದು, ಆಮೇಲೆ ಅಲ್ಲೇ ಊಟಕ್ಕೆ ಕೂತಳಂತೆ. "ಅತ್ತೆ ಈಗ ಅಲ್ಲೇ ಬೀನ್ಸೂ ಬಿಡಿಸ್ತಾರೆ, ಪೇಪರ್ರೂ ಓದ್ತಾರೆ. ದಾರೀಲಿ ಹೋಗೋರನ್ನ ಅವ್ರೇ ಕರ್ದು ಮಾತಾಡಿಸ್ತಾರೆ" ಎಂದಳು ಅತ್ತಿಗೆ.

ಮುಂದಿನ ಸಲ ಹೋದಾಗ ಅವಳು ಕೂರುವ ಜಾಗ ನೋಡಿದೆ. ಮೇಜಿನ ಅಂಗಳದ ಕಡೆಯ ಅಂಚು ಒಂದು ಕಡೆ ಒಳಕ್ಕೆ ಬಾಗಿದೆ, ಮರದ ಸೊಂಟ ಇದ್ದ ಜಾಗ. ಅಮ್ಮ ಅಲ್ಲಿ ಕೂರುತ್ತಾಳೆ. ಎರಡೂ ಮೊಣಕೈಗೆ ಅಂಚಿನ ಉಬ್ಬುಗಳು ಆನಿಕೆಯಾಗುತ್ತವೆ, ಏಳುವಾಗ ಅವನ್ನೇ ಒತ್ತಿ ಏಳುತ್ತಾಳೆ. ಹಾಗೆ ಆಗಲಿ ಎಂದು ಯಾರೂ ಯೋಚಿಸಿ ಮಾಡಿದ್ದಲ್ಲ. ಬಿಸಿಲು, ಬೆಳಕಿಗೆ ಮೇಜಿನ ಹಳದಿ ಮಾಗಿ ಕಂದಾಗತೊಡಗಿದೆ. ಅಮ್ಮ ಕಾಯಂ ಹಾಸಿಡುವ ಪೇಪರಿನ ಅಡಿ ಮಾತ್ರ ಒಂದು ಆಯತ ಇನ್ನೂ ಅರಿಸಿನ. ಅಜ್ಜಿ ಎದುರು ಕುರ್ಚಿಯಲ್ಲಿ ಕಾಲು ಮಡಚಿ ಚಕ್ಕಳಮಕ್ಕಳ ಹಾಕಿ ಕೂರುತ್ತಾಳೆ.

ಈ ಫೆಬ್ರವರಿಯ ಒಣಹವೆಯಲ್ಲಿ ಒಂದು ರಾತ್ರಿ ಟಪ್ ಎಂದು ಸದ್ದಾಯಿತು. ಬೆಳಗ್ಗೆ ನೋಡಿದರೆ ಇನ್ನೊಂದು ತುದಿಯಿಂದ ಒಂದು ಗೇಣು ಬಿರುಕು. ನಾನು ಊರಲ್ಲೇ ಇದ್ದೆ. ಆಚಾರ್ರು ಬಂದರು. ಬೀಟೆಯ ಕಾಲಿನ ಉಳಿದ ತುಂಡನ್ನು ಜೋಪಾನವಾಗಿ ತಂದಿದ್ದರು. ಕೂತು ಡಮರು ಕೊಯ್ದು, ಗೀರೆಳೆದು, ಗುಂಡಿ ತೆಗೆದು ಕೂರಿಸುವಷ್ಟರಲ್ಲಿ ಒಂದು ಗಂಟೆ ಆಯಿತು. ಅಮ್ಮ ಹೊಟ್ಟು ಗುಡಿಸಿ, ಮೇಜು ಒರೆಸಿ, ತಟ್ಟೆಗಳನ್ನಿಟ್ಟಳು. ನಾಲ್ಕು. ಆಚಾರ್ರು ಕೈತೊಳೆದು ಬಂದು, ಅಭ್ಯಾಸಬಲದಿಂದ ಒಂದು ತಟ್ಟೆ ಎತ್ತಿಕೊಂಡು ಕಂಬದ ಕಡೆ ಹೊರಟರು.

"ಅಲ್ಲಿ ಬಿಸಿಲು ಆಚಾರ್ರೇ" ಎಂದಳು ಅಮ್ಮ.

ಅವರು ಒಂದು ಗಳಿಗೆ ನಿಂತರು. ಆಮೇಲೆ ತಿರುಗಿ ಬಂದು ಹೊಸ ಬೆಣೆಯ ಪಕ್ಕದ ಕುರ್ಚಿ ಎಳೆದು ಕೂತರು. ಹೆಗಲ ಮೇಲಿನ ಟವಲ್ಲಿನಿಂದ ಮೇಜಿನ ಮೇಲೆ ಇಲ್ಲದ ಹೊಟ್ಟನ್ನು ಒಮ್ಮೆ ಒರೆಸಿದರು. ಅಮ್ಮ ಬಡಿಸಿ ತಾನೂ ಕೂತಳು. ಯಾರೂ ಮಾತಾಡಲಿಲ್ಲ. ಅನ್ನ, ಸೌತೆಕಾಯಿ ಹುಳಿ, ಬೀನ್ಸ್ ಪಲ್ಯ. ಹುಳಿ ಕಲಸಿ ಎರಡು ತುತ್ತು ಉಂಡ ಆಚಾರ್ರು, ನಲವತ್ತು ವರ್ಷದಲ್ಲಿ ನಮ್ಮನೆಯ ಅಡುಗೆಗೆ ಚೆನ್ನಾಗಿದೆ ಎಂದೂ ಅನ್ನದವರು, ಕೆಟ್ಟದಾಗಿದೆ ಎಂದೂ ಅನ್ನದವರು, ತಲೆಯೆತ್ತಿ ಅಮ್ಮನನ್ನು ನೋಡಿ, "ಪಲ್ಯ ಸಪ್ಪೆ ಆಯ್ತಲ್ಲ ಅಮ್ಮ" ಎಂದರು.

"ಹೌದಾ? ನಾನೂ ಹಾಕಿದ್ನೋ ಇಲ್ವೋ ಅಂತ..." ಎನ್ನುತ್ತ ಅಮ್ಮ ಮೇಜಿನ ಉಬ್ಬಿಗೆ ಕೈಯೂರಿ ಏಳಲು ನೋಡಿದಳು.

"ನೀವು ಕೂತ್ಕೊಳ್ಳಿ ಮಾರಾಯ್ರೆ" ಎಂದರು ಆಚಾರ್ರು.

ಉಪ್ಪಿನ ಮರಿಗೆ ತರಲು ನಾನು ಒಳಗೆ ಹೋದೆ.